ಎಂಬತ್ತು ಟೀ ಶರ್ಟ್, ಐವತ್ತು ದಿನದ ಬಡ್ಡಿಯಿಲ್ಲದ ಸಾಲ

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘ ಮಾಡಿಸಿದ ಹಳದಿ ಟೀ ಶರ್ಟ್ ನಿಮ್ಮಲ್ಲಿ ತುಂಬಾ ಜನರ ಹತ್ತಿರ ಇನ್ನೂ ಇದೆ. ಬೆಲೆ 300 ರೂಪಾಯಿ ಅಂತ ನೆನಪಿರಬಹುದು. ಆದರೆ ಒಂದೊಂದು ಶರ್ಟಿಗೆ ನಿಜವಾಗಿ ಬಿದ್ದ ಖರ್ಚು 331 ರೂಪಾಯಿ. ಮೇಲಿನ 31 ರೂಪಾಯಿ ಬಟ್ಟೆಗೂ ಅಲ್ಲ, ಪ್ರಿಂಟಿಂಗಿಗೂ ಅಲ್ಲ. ಒಂದು ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಹೋಯಿತು. ಅದೂ "50 ದಿನ ಬಡ್ಡಿ ಇಲ್ಲ" ಅಂತ ಹೇಳಿ ಕೊಟ್ಟ ಕಾರ್ಡು.

ನಡೆದದ್ದು ಹೀಗೆ. ನಮ್ಮ ಖಜಾಂಚಿ ಅದಕ್ಕೆ ಎರಡು ತಿಂಗಳು ಮುಂಚೆ ಒಂದು ಕಾರ್ಡ್ ಮಾಡಿಸಿದ್ದ. ಸಂಬಳ ಇಲ್ಲದ ವಿದ್ಯಾರ್ಥಿಗೆ ಬ್ಯಾಂಕ್ ಸುಮ್ಮನೆ ಕಾರ್ಡ್ ಕೊಡಲ್ಲ. ಹಾಗಾಗಿ ಸ್ಕಾಲರ್‌ಶಿಪ್ ದುಡ್ಡಲ್ಲಿ 30,000 ರೂಪಾಯಿ ಎಫ್‌ಡಿ ಇಟ್ಟು, ಅದರ ಆಧಾರದ ಮೇಲೆ 27,000 ಲಿಮಿಟ್ ಇರುವ ಕಾರ್ಡ್ ತೆಗೆದುಕೊಂಡಿದ್ದ. ಶರ್ಟ್ ಅಂಗಡಿಯವರು ಪೂರ್ತಿ ದುಡ್ಡು ಮೊದಲೇ ಕೊಡಿ ಅಂದರು. 80 ಶರ್ಟ್, 24,000 ರೂಪಾಯಿ. ಅಕ್ಟೋಬರ್ 6ನೇ ತಾರೀಕು ಅವನು ಕಾರ್ಡ್ ಉಜ್ಜಿದ. "ಐವತ್ತು ದಿನ ಟೈಮ್ ಇದೆ ಮಗಾ, ಅಷ್ಟರೊಳಗೆ ಎಲ್ಲರೂ ಕೊಡ್ತಾರೆ" ಅಂದ.

ಎಲ್ಲರೂ ಅಂದರೆ ನಾವೇ. ನಾವು "ನಾಳೆ ಹಾಕ್ತೀನಿ" ಅಂದೆವು. ಕೆಲವರು ಹಾಕಿದರು, ಆದರೆ ಹಾಗೆ ಬಂದ ದುಡ್ಡು ಸೌಂಡ್ ಸಿಸ್ಟಂ ಅಡ್ವಾನ್ಸಿಗೆ, ಹೂವಿಗೆ, ಊಟಕ್ಕೆ ಹೋಯಿತು. ಶರ್ಟಿನ ದುಡ್ಡು ಬೇರೆ, ಕಾರ್ಯಕ್ರಮದ ದುಡ್ಡು ಬೇರೆ ಅಂತ ಎತ್ತಿಡಬೇಕು ಅನ್ನುವಷ್ಟು ಬುದ್ಧಿ ನಮಗಿರಲಿಲ್ಲ. ನವೆಂಬರ್ 25ಕ್ಕೆ ಬಿಲ್ ಕಟ್ಟಬೇಕಿತ್ತು. ಆಪ್‌ನಲ್ಲಿ ಎರಡು ಆಯ್ಕೆ: ಒಟ್ಟು ಬಾಕಿ 24,000, ಕನಿಷ್ಠ ಬಾಕಿ 1,200. ಅವನ ಅಕೌಂಟಿನಲ್ಲಿ ಇದ್ದದ್ದು ಎರಡು ಸಾವಿರ ಚಿಲ್ಲರೆ. ಕನಿಷ್ಠ ಅಂತ ಬ್ಯಾಂಕೇ ಹೇಳ್ತಿದೆಯಲ್ಲ ಅಂತ 1,200 ಕಟ್ಟಿ ಮಲಗಿದ. ಯಾರನ್ನೂ ಕೇಳಲಿಲ್ಲ. ಕೇಳಿದ್ದರೂ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆ ಮಾತು ಬೇರೆ.

ಡಿಸೆಂಬರ್ 5ಕ್ಕೆ ಬಂದ ಬಿಲ್ಲಿನಲ್ಲಿ 24,657 ರೂಪಾಯಿ ಇತ್ತು. ತಗೊಂಡದ್ದು 24,000, ಕಟ್ಟಿದ್ದು 1,200, ಉಳಿದದ್ದು 24,657! ಯಾರೋ ಕಾರ್ಡ್ ಹ್ಯಾಕ್ ಮಾಡಿದ್ದಾರೆ ಅಂತ ಅವನು ಓಡಿಬಂದ. ಯಾರೂ ಹ್ಯಾಕ್ ಮಾಡಿರಲಿಲ್ಲ. ಅವತ್ತು ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಕೂತು, ಕಾರ್ಡಿನ ಜೊತೆ ಬಂದಿದ್ದ ನಿಯಮಗಳ ಪಿಡಿಎಫ್ ತೆರೆದು, ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿದೆವು. ಈ ಲೇಖನ ಆ ರಾತ್ರಿಯ ಪಾಠ. ಮೂರನೇ ವರ್ಷ ಮುಗಿದು ಇಂಟರ್ನ್‌ಶಿಪ್, ಪ್ಲೇಸ್‌ಮೆಂಟ್ ಅಂತ ಶುರುವಾಗುವ ಹೊತ್ತಿಗೆ ನಿಮಗೂ "ಪ್ರೀ ಅಪ್ರೂವ್ಡ್, ಲೈಫ್ ಟೈಮ್ ಫ್ರೀ" ಅಂತ ಕರೆ ಬರಲು ಶುರುವಾಗುತ್ತದೆ. ಅದಕ್ಕೆ ಮುಂಚೆ ಓದಿ.

ಮೊದಲು ಆ 50 ದಿನ ಎಲ್ಲಿಂದ ಬಂತು ಅಂತ ನೋಡೋಣ. ಊರಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿದ್ದೀರಲ್ಲ? ತಿಂಗಳಿಡೀ ಬರೆಸ್ತಾ ಹೋಗೋದು, ಒಂದು ದಿನ ಗೆರೆ ಎಳೆದು ಒಟ್ಟು ಮಾಡೋದು, ಆಮೇಲೆ ಕೊಡೋಕೆ ಕೆಲವು ದಿನ ಟೈಮ್. ಕಾರ್ಡಿನದೂ ಅದೇ ಏರ್ಪಾಡು. ನಮ್ಮ ಖಜಾಂಚಿಯ ಕಾರ್ಡಿಗೆ ಪ್ರತಿ ತಿಂಗಳು 5ನೇ ತಾರೀಕು ಗೆರೆ ಎಳೆಯುತ್ತಾರೆ, ಅಂದರೆ ಸ್ಟೇಟ್‌ಮೆಂಟ್ ಬರುತ್ತದೆ. ಅಲ್ಲಿಂದ 20 ದಿನಕ್ಕೆ, 25ನೇ ತಾರೀಕು ಕೊನೆಯ ದಿನ. ಅಕ್ಟೋಬರ್ 6ರಂದು ಕೊಂಡದ್ದು ನವೆಂಬರ್ 5ರ ಬಿಲ್ಲಿಗೆ ಬಂದು ನವೆಂಬರ್ 25ಕ್ಕೆ ಕಟ್ಟಬೇಕಾಗುತ್ತದೆ. ಸರಿಯಾಗಿ 50 ದಿನ. ಅದೇ ಶರ್ಟನ್ನು ನವೆಂಬರ್ 5ರಂದು ಕೊಂಡಿದ್ದರೆ ಸಿಗುತ್ತಿದ್ದದ್ದು ಬರೀ 20 ದಿನ. ಜಾಹೀರಾತಿನಲ್ಲಿ "50 ದಿನದವರೆಗೆ" ಅಂತ ಬರೆದಿರುತ್ತಾರೆ. ಆ "ವರೆಗೆ" ಅನ್ನುವುದನ್ನು ನಾವು ಓದಲ್ಲ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಈ ದಿನಗಳು ಬಡ್ಡಿಯಿಲ್ಲದ ದಿನಗಳು ಅಂತ ನಾವು ಅಂದುಕೊಳ್ತೀವಿ. ವಾಸ್ತವದಲ್ಲಿ ಅವು ಬಡ್ಡಿ *ಮನ್ನಾ ಆಗಬಹುದಾದ* ದಿನಗಳು, ಅಷ್ಟೇ. ಷರತ್ತು ಒಂದೇ: ಬಿಲ್ಲಿನ ಒಟ್ಟು ಬಾಕಿಯನ್ನು, ಪೂರ್ತಿ, ಕೊನೆಯ ದಿನದೊಳಗೆ ಕಟ್ಟಬೇಕು. ಕಟ್ಟದಿದ್ದರೆ ಬಡ್ಡಿ ನವೆಂಬರ್ 25ರಿಂದ ಶುರುವಾಗಲ್ಲ. ಹಿಂದಕ್ಕೆ ಹೋಗಿ, ಕಾರ್ಡ್ ಉಜ್ಜಿದ ಅಕ್ಟೋಬರ್ 6ರಿಂದಲೇ ಶುರುವಾಗುತ್ತದೆ. ನಾವು ಬಿದ್ದದ್ದು ಇಲ್ಲೇ.

ಲೆಕ್ಕ ಇದು. ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5. ಕೇಳೋಕೆ ಚಿಕ್ಕದು. 12ರಿಂದ ಗುಣಿಸಿದರೆ ವರ್ಷಕ್ಕೆ ಶೇ. 42. ಬಡ್ಡಿ ಮೇಲೆ ಬಡ್ಡಿ ಸೇರುತ್ತಾ ಹೋದರೆ 1.035ರ 12ನೇ ಘಾತ, ಅಂದರೆ ಶೇ. 51. 1,200 ಕಟ್ಟಿದ ಮೇಲೆ ಉಳಿದದ್ದು 22,800. ಅಕ್ಟೋಬರ್ 6ರಿಂದ ಡಿಸೆಂಬರ್ 5ಕ್ಕೆ 60 ದಿನ. 22,800 × 0.42 × 60 ÷ 365 = 1,574 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 283 ರೂಪಾಯಿ. (ಮನೆ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕಾರ್ಡಿನ ಬಡ್ಡಿಗೆ ಇದೆ. ಇದು ನಮಗ್ಯಾರಿಗೂ ಗೊತ್ತಿರಲಿಲ್ಲ.) ಎರಡೂ ಸೇರಿ 1,857. ಅವನು ಕಟ್ಟಿದ್ದು 1,200, ಬೆಳೆದದ್ದು 1,857. ಹಾಗಾಗಿ ಸಾಲ 657 ರೂಪಾಯಿ ಜಾಸ್ತಿಯಾಯಿತು. ಒಂದು ರೂಪಾಯಿಯೂ ಹ್ಯಾಕ್ ಆಗಿರಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಎಲ್ಲರ ಹತ್ತಿರ ವಸೂಲಿ ಮಾಡಿ, ಡಿಸೆಂಬರ್ 25ಕ್ಕೆ 24,657 ಪೂರ್ತಿ ಕಟ್ಟಿ ಕೈ ತೊಳೆದುಕೊಂಡೆವು. ಜನವರಿ 5ಕ್ಕೆ ಮತ್ತೆ 619 ರೂಪಾಯಿ ಬಿಲ್. ಡಿಸೆಂಬರ್ 5ರಿಂದ 25ರವರೆಗಿನ 20 ದಿನದ ಬಡ್ಡಿ 525, ಅದರ ಜಿಎಸ್‌ಟಿ 94. ಸಾಲ ತೀರಿಸಿದ ಮೇಲೂ ಬರುವ ಈ ಬಾಲದ ಬಡ್ಡಿಯನ್ನು ಎಷ್ಟೋ ಜನ ಗಮನಿಸಲ್ಲ. ಎಲ್ಲ ಕಟ್ಟಿಯಾಯ್ತಲ್ಲ ಅಂತ ಆಪ್ ತೆಗೆದು ನೋಡಲ್ಲ, ಮುಂದಿನ ತಿಂಗಳು ಲೇಟ್ ಫೀ ಬೀಳುತ್ತದೆ. ನಮ್ಮವನು ಅಷ್ಟೊತ್ತಿಗೆ ದಿನಕ್ಕೆ ಮೂರು ಸಲ ಆಪ್ ನೋಡುತ್ತಿದ್ದ, ಹಾಗಾಗಿ ಬಚಾವಾದ. 1,857 ಮತ್ತು 619 ಸೇರಿ 2,476. ಅದನ್ನು 80ರಿಂದ ಭಾಗಿಸಿ, ಆ 31 ಬರುತ್ತದೆ.

ಒಂದು ಅದೃಷ್ಟ, ನಡುವೆ ಅವನು ಕಾರ್ಡನ್ನು ಇನ್ನೇನಕ್ಕೂ ಬಳಸಿರಲಿಲ್ಲ. ಹಳೇ ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿಯಿಲ್ಲದ ಒಂದು ದಿನವೂ ಸಿಗುವುದಿಲ್ಲ. ಕ್ಯಾಂಟೀನ್ ಪಕ್ಕದ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ತಿಂದ 60 ರೂಪಾಯಿ ಮಸಾಲೆ ದೋಸೆಗೂ ತಿಂದ ದಿನದಿಂದಲೇ ಶೇ. 42. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಬಹುದಾದ್ದರಿಂದ ಈ ಅಪಾಯ ನಮಗೆ ಜಾಸ್ತಿ. ಸ್ಕ್ಯಾನ್ ಮಾಡುವಾಗ ದುಡ್ಡು ಉಳಿತಾಯ ಖಾತೆಯಿಂದ ಹೋಯ್ತೋ ಕಾರ್ಡಿನಿಂದ ಹೋಯ್ತೋ ಅಂತ ಎಷ್ಟು ಸಲ ನೋಡ್ತೀವಿ? ಶಬ್ದ ಎರಡಕ್ಕೂ ಒಂದೇ.

ಈಗ ನಮ್ಮನ್ನು ತುಂಬಾ ಯೋಚನೆಗೆ ಹಚ್ಚಿದ ಲೆಕ್ಕಕ್ಕೆ ಬರೋಣ. ಎಲ್ಲವೂ ಪ್ಲಾನ್ ಪ್ರಕಾರ ನಡೆದಿದ್ದರೆ ಲಾಭ ಎಷ್ಟಾಗುತ್ತಿತ್ತು? ಕಾರ್ಡ್ ಪಂಡಿತರು ಹೇಳುವುದು ಹೀಗೆ: ಬ್ಯಾಂಕಿನ ದುಡ್ಡಲ್ಲಿ ಕೊಳ್ಳಿ, ನಿಮ್ಮ ದುಡ್ಡು 50 ದಿನ ಖಾತೆಯಲ್ಲಿ ಬಡ್ಡಿ ದುಡಿಯಲಿ. ಸರಿ, ಉಳಿತಾಯ ಖಾತೆಗೆ ಶೇ. 3 ಬಡ್ಡಿ ಅಂದುಕೊಂಡರೆ 24,000 × 0.03 × 50 ÷ 365 = 99 ರೂಪಾಯಿ. ಅಂದರೆ ಸರಿಹೋದರೆ 99 ರೂಪಾಯಿ ಲಾಭ, ತಪ್ಪಿದರೆ 2,476 ನಷ್ಟ. 25 ಬಿಲ್ ಸರಿಯಾಗಿ ಕಟ್ಟಿ ಗಳಿಸಿದ್ದನ್ನು ಒಂದೇ ಬಿಲ್ ತಿಂದುಹಾಕುತ್ತದೆ. 25 ಬಿಲ್ ಅಂದರೆ ಎರಡು ವರ್ಷಕ್ಕೂ ಮೇಲೆ. ನಮ್ಮ ಅಸೈನ್‌ಮೆಂಟ್ ಸಬ್‌ಮಿಷನ್ ಇತಿಹಾಸ ನೋಡಿದರೆ 25ರಲ್ಲಿ ಒಂದೂ ತಪ್ಪಲ್ಲ ಅಂತ ಎದೆ ತಟ್ಟಿ ಹೇಳುವವರು ಕಡಿಮೆ.

ಹಾಗಾಗಿ ಬಡ್ಡಿಯಿಲ್ಲದ ಸಾಲವನ್ನು ಲಾಭದ ದಾರಿ ಅಂತ ನೋಡುವುದನ್ನು ನಾವು ಬಿಟ್ಟುಬಿಟ್ಟೆವು. ಅದರ ಉಪಯೋಗ ಬೇರೆ. ದುಡ್ಡು ಈಗಾಗಲೇ ನಿಮ್ಮದಾಗಿದೆ, ಕೈಗೆ ಬರುವುದು ಮಾತ್ರ ಕೆಲವು ದಿನ ತಡ, ಅಂಥ ಕಡೆ ಅದು ನಿಜವಾಗಿಯೂ ಒಳ್ಳೆಯದು. ಇಂಟರ್ನ್‌ಶಿಪ್ ಸ್ಟೈಪೆಂಡ್ ಪ್ರತಿ ತಿಂಗಳು 1ನೇ ತಾರೀಕು ಬರುತ್ತದೆ, ಊರಿಗೆ ಹೋಗುವ ಟ್ರೈನ್ ಟಿಕೆಟ್ 20ನೇ ತಾರೀಕೇ ಬುಕ್ ಮಾಡಬೇಕು. ಇದಕ್ಕೆ ಕಾರ್ಡ್ ಹೇಳಿ ಮಾಡಿಸಿದ್ದು. ಎಂಬತ್ತು ಜನ "ನಾಳೆ ಕೊಡ್ತೀನಿ" ಅಂದ ದುಡ್ಡು ನಮ್ಮದಾದ ದುಡ್ಡಲ್ಲ. ಇಂಟರ್‌ವ್ಯೂ ಆಗಿ ಆಫರ್ ಲೆಟರ್ ಬರದ ಕೆಲಸದ ಸಂಬಳವೂ ಅಲ್ಲ. ಆಫರ್ ಲೆಟರ್ ಬಂದು ಜಾಯಿನಿಂಗ್ ಡೇಟ್ ಬರದ ಸಂಬಳವೂ ಅಲ್ಲ, ಇದನ್ನು ನಮ್ಮ ಹಿಂದಿನ ಬ್ಯಾಚಿನವರನ್ನು ಕೇಳಿ.

ಎರಡನೇ ಉಪಯೋಗ, ಸಾಲದ ದಾಖಲೆ. ಸಿಬಿಲ್‌ನಂಥ ನಾಲ್ಕು ಸಂಸ್ಥೆಗಳು ನಮ್ಮ ಸಾಲದ ಚರಿತ್ರೆ ಇಟ್ಟುಕೊಂಡು 300ರಿಂದ 900ರ ನಡುವೆ ಅಂಕ ಕೊಡುತ್ತವೆ. ಮುಂದೆ ಬೈಕ್ ಸಾಲ, ಮನೆ ಸಾಲ ಕೇಳಿದಾಗ ಬ್ಯಾಂಕ್ ಮೊದಲು ನೋಡುವುದು ಇದನ್ನು. ತಿಂಗಳಿಗೆ ಒಂದು ಮೊಬೈಲ್ ರೀಚಾರ್ಜ್ ಕಾರ್ಡಿನಲ್ಲಿ ಮಾಡಿ, ಬಿಲ್ ಪೂರ್ತಿ ಕಟ್ಟಿದರೆ ಸಾಕು, ದಾಖಲೆ ಬೆಳೆಯುತ್ತದೆ. ಬಡ್ಡಿ ಕಟ್ಟಿದರೆ ಅಂಕ ಜಾಸ್ತಿ ಬರುತ್ತೆ ಅನ್ನುವವರು ನಮ್ಮ ವಿಂಗ್‌ನಲ್ಲೇ ಇದ್ದಾರೆ. ಅದು ಸುಳ್ಳು. ಇನ್ನೊಂದು, ಲಿಮಿಟ್ಟಿನ ಎಷ್ಟು ಭಾಗ ಬಳಸಿದ್ದೇವೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಶೇ. 30ರೊಳಗೆ ಇಟ್ಟುಕೊಳ್ಳಿ ಅನ್ನುವುದು ಸಾಮಾನ್ಯ ಸಲಹೆ. ನಮ್ಮ ಖಜಾಂಚಿ 27,000ದಲ್ಲಿ 24,000 ಉಜ್ಜಿದ್ದ, ಅಂದರೆ ಶೇ. 89. ಸಂಘಕ್ಕೆ ಉಪಕಾರ ಮಾಡಲು ಹೋಗಿ ತನ್ನ ಹೆಸರಲ್ಲಿ ಆ ಗುರುತು ಮಾಡಿಕೊಂಡ. 2,476 ರೂಪಾಯಿಯನ್ನು ನಾವು ಹಂಚಿಕೊಂಡು ಕೊಟ್ಟೆವು, ಇದನ್ನು ಹಂಚಿಕೊಳ್ಳೋಕೆ ಆಗಲಿಲ್ಲ. ನಿಮ್ಮ ವರದಿಯನ್ನು ಪ್ರತಿ ಸಂಸ್ಥೆಯಿಂದಲೂ ವರ್ಷಕ್ಕೊಮ್ಮೆ ಪುಕ್ಕಟೆ ತರಿಸಿಕೊಳ್ಳಬಹುದು. ಒಮ್ಮೆ ತರಿಸಿ ನೋಡಿ, ನೀವು ತೆಗೆದುಕೊಳ್ಳದ ಸಾಲವೇನಾದರೂ ಅದರಲ್ಲಿ ಕೂತಿದೆಯಾ ಅಂತ.

ಇನ್ನು "ನೋ ಕಾಸ್ಟ್ ಇಎಂಐ". ಹಬ್ಬದ ಸೇಲ್ ಬಂದಾಗ ಕಾರ್ಡ್ ಇರುವವನ ಸುತ್ತ ಐದು ಜನ ಸೇರುವುದು ಇದಕ್ಕೇ. ಇದು ಹೇಗೆ ಕೆಲಸ ಮಾಡುತ್ತೆ ಅಂತ ಒಂದು ಉದಾಹರಣೆ ಹಾಕಿ ನೋಡೋಣ. ಫೋನಿನ ಬೆಲೆ 30,000. ಆರು ಕಂತು, ತಿಂಗಳಿಗೆ 5,000. ಬಡ್ಡಿ ಸೊನ್ನೆ ಅಂತ ಕಾಣುತ್ತದೆ. ಆದರೆ ಬ್ಯಾಂಕ್ ಬಡ್ಡಿ ಬಿಟ್ಟಿಲ್ಲ. ವರ್ಷಕ್ಕೆ ಶೇ. 15 ಬಡ್ಡಿ ಅಂತ ಇಟ್ಟುಕೊಂಡರೆ, ತಿಂಗಳಿಗೆ 5,000ದಂತೆ ಆರು ಕಂತಿನಲ್ಲಿ ತೀರುವ ಸಾಲ 28,730 ರೂಪಾಯಿ. ಉಳಿದ 1,270 ಬಡ್ಡಿ. ಮಾರುವವರು ಅಷ್ಟನ್ನು "ಡಿಸ್ಕೌಂಟ್" ಅಂತ ಬೆಲೆಯಲ್ಲಿ ಕಡಿಮೆ ಮಾಡಿ, ಬ್ಯಾಂಕ್ ಅದನ್ನೇ ಬಡ್ಡಿ ಅಂತ ವಾಪಸ್ ಪಡೆಯುತ್ತದೆ. ಸಮ ಆಯ್ತಲ್ಲ ಅಂತೀರಾ? ಆ 1,270ರ ಮೇಲೆ ಶೇ. 18 ಜಿಎಸ್‌ಟಿ 229 ರೂಪಾಯಿ ನಿಮ್ಮದೇ. ಪ್ರೊಸೆಸಿಂಗ್ ಫೀ 199, ಅದರ ಜಿಎಸ್‌ಟಿ ಸೇರಿ 235. ಅಲ್ಲಿಗೆ 464. ಅದೇ ಫೋನನ್ನು ಒಂದೇ ಸಲ ದುಡ್ಡು ಕೊಟ್ಟು ಕೊಂಡರೆ 1,500 ರೂಪಾಯಿ ಕಡಿಮೆ ಅನ್ನುವ ಆಫರ್ ಪಕ್ಕದಲ್ಲೇ ಇದ್ದರೆ ಅದೂ ಹೋಯಿತು. 28,500ಕ್ಕೆ ಸಿಗುವ ವಸ್ತುವಿಗೆ 30,464 ಕೊಡ್ತೀರಿ. ಆರು ತಿಂಗಳಲ್ಲಿ ಹಂಚಿ ಕಟ್ಟುವ ಸಾಲವಾಗಿ ನೋಡಿದರೆ ಇದು ವರ್ಷಕ್ಕೆ ಶೇ. 23ರ ಆಸುಪಾಸಿನ ಬಡ್ಡಿ. ಸೊನ್ನೆ ಎಲ್ಲಿದೆ?

ಇದು ನಾವು ಕಂಡುಹಿಡಿದ ಗುಟ್ಟೇನಲ್ಲ. 2013ರ ಸೆಪ್ಟೆಂಬರಿನಲ್ಲೇ ರಿಸರ್ವ್ ಬ್ಯಾಂಕ್ ಈ ಶೂನ್ಯ ಬಡ್ಡಿ ಇಎಂಐಗಳ ಬಗ್ಗೆ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಶೂನ್ಯ ಬಡ್ಡಿ ಅನ್ನುವುದೇ ಇಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಫೀ ರೂಪದಲ್ಲಿ ಮರೆಮಾಚಬೇಡಿ ಅಂತ ಹೇಳಿತ್ತು. ಆಮೇಲೆ ಮಾರುವವರು ಬಡ್ಡಿಯನ್ನು ತೋರಿಸಿ, ಅಷ್ಟೇ ಡಿಸ್ಕೌಂಟ್ ತೋರಿಸುವ ಈಗಿನ ರೂಪಕ್ಕೆ ಬಂದರು. ನೋ ಕಾಸ್ಟ್ ಇಎಂಐ ಯಾವಾಗಲೂ ಕೆಟ್ಟದ್ದು ಅಂತ ನಾವು ಹೇಳಲ್ಲ. ಲ್ಯಾಪ್‌ಟಾಪ್ ಸತ್ತುಹೋಗಿ, ಪ್ರಾಜೆಕ್ಟ್ ರಿವ್ಯೂ ಮುಂದಿನ ವಾರ ಇದ್ದರೆ, 464 ರೂಪಾಯಿಗೆ ಆರು ತಿಂಗಳು ಸಿಗುವುದು ಅಗ್ಗವೇ. ಆದರೆ ಕೊಳ್ಳುವ ಮುಂಚೆ ಆ ಎರಡು ಸಾಲು ನೋಡಿ: ಪ್ರೊಸೆಸಿಂಗ್ ಫೀ ಎಷ್ಟು, ಪೂರ್ತಿ ಕೊಟ್ಟರೆ ಬೆಲೆ ಎಷ್ಟು. ಮತ್ತೆ ಕಂತಿನ ದುಡ್ಡೂ ಕಾರ್ಡಿನ ಬಿಲ್ಲಿನಲ್ಲೇ ಬರುತ್ತದೆ. ಆ ತಿಂಗಳ ಬಿಲ್ ಪೂರ್ತಿ ಕಟ್ಟದಿದ್ದರೆ ಕಂತಿಗೂ ಮೇಲೆ ಹೇಳಿದ ಶೇ. 42ರ ಕಥೆಯೇ.

ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ದುಡ್ಡು ತೆಗೆಯಬೇಡಿ. ಅದಕ್ಕೆ ಬಡ್ಡಿಯಿಲ್ಲದ ದಿನ ಒಂದೂ ಇಲ್ಲ, ಮೇಲೆ ಶುಲ್ಕ ಬೇರೆ. ವಿದೇಶಿ ವಿಶ್ವವಿದ್ಯಾಲಯಕ್ಕೆ 100 ಡಾಲರ್ ಅರ್ಜಿ ಶುಲ್ಕ ಕಟ್ಟಿದರೆ ಹೆಚ್ಚಿನ ಕಾರ್ಡುಗಳಲ್ಲಿ ಶೇ. 3.5ರಷ್ಟು ಮಾರ್ಕಪ್, ಅದರ ಮೇಲೆ ಜಿಎಸ್‌ಟಿ ಸೇರಿ ಇನ್ನೊಂದು 4 ಡಾಲರ್ ಹೋಗುತ್ತದೆ. ಹತ್ತು ಕಡೆ ಅರ್ಜಿ ಹಾಕುವವರು ಮಾರ್ಕಪ್ ಕಡಿಮೆ ಇರುವ ಕಾರ್ಡ್ ಹುಡುಕುವುದು ಒಳ್ಳೇದು.

ಎಂ.ಎಸ್‌ಗೆ ಅಮೆರಿಕಕ್ಕೆ ಹೊರಟವರಿಗೆ ಸ್ವಲ್ಪ ಬೇರೆ ಪಾಠ ಇದೆ, ಯಾಕಂದರೆ ಅಲ್ಲಿ "ಬಡ್ಡಿಯಿಲ್ಲ" ಅನ್ನುವುದರ ಅರ್ಥವೇ ಬೇರೆ. ನಮ್ಮಲ್ಲಿ ಬಡ್ಡಿ ಮನ್ನಾ ಆಗುವುದು ಪ್ರತಿ ತಿಂಗಳು ಪೂರ್ತಿ ಕಟ್ಟಿದರೆ ಮಾತ್ರ. ಅಲ್ಲಿ ಹೊಸ ಕಾರ್ಡಿಗೆ ಮೊದಲ 12, 15, 18 ತಿಂಗಳು ಪರಿಚಯದ ದರ ಅಂತ ಶೂನ್ಯ ಬಡ್ಡಿ ಕೊಡುವ ಪದ್ಧತಿ ಇದೆ. ಆ ಅವಧಿಯಲ್ಲಿ ಕನಿಷ್ಠ ಬಾಕಿ ಮಾತ್ರ ಕಟ್ಟಿದರೂ ಬಡ್ಡಿ ಬೀಳಲ್ಲ. ಕನಿಷ್ಠ ಬಾಕಿಯನ್ನಂತೂ ಪ್ರತಿ ತಿಂಗಳು ಕಟ್ಟಲೇಬೇಕು. 2009ರ ಕಾರ್ಡ್ ಕಾಯ್ದೆ ಪ್ರಕಾರ ಇಂಥ ದರ ಕನಿಷ್ಠ ಆರು ತಿಂಗಳಾದರೂ ಇರಬೇಕು, ಆದರೆ 60 ದಿನ ಬಾಕಿ ಉಳಿಸಿಕೊಂಡರೆ ಆ ರಕ್ಷಣೆ ಹೋಗುತ್ತದೆ. ಅವಧಿ ಮುಗಿದ ದಿನ ಎಷ್ಟು ಉಳಿದಿದೆಯೋ ಅದರ ಮೇಲೆ ಮಾಮೂಲಿ ಬಡ್ಡಿ ಶುರು, ಅದು ವರ್ಷಕ್ಕೆ ಶೇ. 20ರ ಮೇಲಿರುವುದು ಸಾಮಾನ್ಯ.

ಇಲ್ಲಿ ಬುದ್ಧಿವಂತಿಕೆ ಅಂದರೆ ಭಾಗಾಕಾರ, ಅಷ್ಟೇ. 1,200 ಡಾಲರಿನ ಲ್ಯಾಪ್‌ಟಾಪ್, 15 ತಿಂಗಳ ಶೂನ್ಯ ಬಡ್ಡಿ ಅಂದರೆ ತಿಂಗಳಿಗೆ 80. ಅದನ್ನು 90 ಅಂತ ಇಟ್ಟುಕೊಳ್ಳಿ, 14ನೇ ತಿಂಗಳಿಗೆ ಮುಗಿಯುತ್ತದೆ, ಒಂದು ತಿಂಗಳು ಕೈಯಲ್ಲಿರುತ್ತದೆ. ಬ್ಯಾಂಕ್ ತೋರಿಸುವ ಕನಿಷ್ಠ ಬಾಕಿ ಇದಕ್ಕಿಂತ ತುಂಬಾ ಕಡಿಮೆ ಇರುತ್ತದೆ, ಅದನ್ನು ನೋಡಿ ಮೋಸಹೋಗಬೇಡಿ. ಇನ್ನೊಂದು ಎಚ್ಚರ: ಅಂಗಡಿಗಳ ಸ್ವಂತ ಕಾರ್ಡುಗಳಲ್ಲಿ "12 ತಿಂಗಳಲ್ಲಿ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ" ಅಂತ ಬರೆದಿರುತ್ತಾರೆ. ಆ "ದರೆ" ನಮ್ಮ ಖಜಾಂಚಿಯ "ವರೆಗೆ" ಇದ್ದ ಹಾಗೆ. 12ನೇ ತಿಂಗಳ ಕೊನೆಗೆ ಹತ್ತು ಡಾಲರ್ ಉಳಿದಿದ್ದರೂ ಮೊದಲ ದಿನದಿಂದ ಲೆಕ್ಕ ಹಾಕಿದ ಬಡ್ಡಿ ಒಟ್ಟಿಗೆ ಬೀಳುತ್ತದೆ. ಹಳೇ ಕಾರ್ಡಿನ ಸಾಲವನ್ನು ಹೊಸ ಶೂನ್ಯ ಬಡ್ಡಿ ಕಾರ್ಡಿಗೆ ವರ್ಗಾಯಿಸಿದರೆ ಸಾಮಾನ್ಯವಾಗಿ ಶೇ. 3ರಿಂದ 5ರಷ್ಟು ಶುಲ್ಕ ಮೊದಲೇ ಹಿಡಿಯುತ್ತಾರೆ. ಮತ್ತೆ, ಹೋದ ತಕ್ಷಣ ಇಂಥ ಕಾರ್ಡ್ ಸಿಗುತ್ತೆ ಅಂತ ಅಂದುಕೊಳ್ಳಬೇಡಿ. ನಮ್ಮ ಇಲ್ಲಿನ ಅಂಕ ಅಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಅಲ್ಲೂ ಠೇವಣಿ ಇಟ್ಟು ಪಡೆಯುವ ಕಾರ್ಡ್ ಅಥವಾ ವಿದ್ಯಾರ್ಥಿ ಕಾರ್ಡಿನಿಂದ ಶುರು ಮಾಡಬೇಕು. 21 ವರ್ಷ ಆಗದಿದ್ದರೆ ಸ್ವಂತ ಆದಾಯ ತೋರಿಸಬೇಕು, ಇಲ್ಲಾ ಜೊತೆಗೆ ಸಹಿ ಹಾಕುವವರು ಬೇಕು.

ವಾಪಸ್ ನಮ್ಮ ಊರಿಗೆ ಬರೋಣ. ನಿಯಮಗಳು ಪೂರ್ತಿ ಬ್ಯಾಂಕಿನ ಕಡೆಗೇ ಇವೆ ಅಂತ ಅವತ್ತು ನಮಗೆ ಸಿಟ್ಟು ಬಂದಿತ್ತು. ಓದುತ್ತಾ ಹೋದ ಹಾಗೆ ಹಾಗಿಲ್ಲ ಅಂತ ತಿಳಿಯಿತು. 2022ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಕಾರ್ಡ್ ನಿರ್ದೇಶನಗಳಲ್ಲಿ ನಮಗೆ ಬೇಕಾದದ್ದು ಸಾಕಷ್ಟಿದೆ. ನೀವು ಕೇಳದೆ ಕಾರ್ಡ್ ಕಳಿಸುವಂತಿಲ್ಲ. ಬಾಕಿ ಏನೂ ಇಲ್ಲದೆ ಕಾರ್ಡ್ ಮುಚ್ಚಿ ಅಂತ ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. "ಮೊದಲ ವರ್ಷ ಫ್ರೀ" ಕಾರ್ಡ್ ತೆಗೆದುಕೊಂಡವರು ಹನ್ನೊಂದನೇ ತಿಂಗಳಲ್ಲಿ ಇದನ್ನು ನೆನಪಿಟ್ಟುಕೊಳ್ಳಿ. ಕೊನೆಯ ದಿನ ದಾಟಿ ಮೂರು ದಿನದವರೆಗೆ ಲೇಟ್ ಫೀ ಹಾಕುವಂತಿಲ್ಲ, ಸಿಬಿಲ್‌ಗೆ ಬಾಕಿದಾರ ಅಂತ ವರದಿ ಮಾಡುವಂತಿಲ್ಲ. ಹಾಗಂತ ಆ ಮೂರು ದಿನಕ್ಕೂ ಬಡ್ಡಿ ಮನ್ನಾ ಅಂತ ಓದಿಕೊಳ್ಳಬೇಡಿ, ಅದು ಬೇರೆ ವಿಷಯ. ಕನಿಷ್ಠ ಬಾಕಿ ಮಾತ್ರ ಕಟ್ಟಿದರೆ ಏನಾಗುತ್ತೆ ಅನ್ನುವ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಎದ್ದು ಕಾಣುವಂತೆ ಹಾಕಬೇಕು. ಬಡ್ಡಿಯಿಲ್ಲದ ಅವಧಿ ಯಾವಾಗ ತಪ್ಪುತ್ತದೆ ಅನ್ನುವುದನ್ನು ಉದಾಹರಣೆ ಲೆಕ್ಕದ ಸಮೇತ ವಿವರಿಸಬೇಕು. ಖಜಾಂಚಿಯ ಪಿಡಿಎಫ್‌ನಲ್ಲೂ ಆ ಉದಾಹರಣೆ ಇತ್ತು. ನಾವು ಓದಿದ್ದು ಡಿಸೆಂಬರಿನಲ್ಲಿ.

ಬಡ್ಡಿ ದರಕ್ಕೆ ಮಾತ್ರ ಯಾರೂ ಕಡಿವಾಣ ಹಾಕುತ್ತಾರೆ ಅಂತ ಕಾಯಬೇಡಿ. ಶೇ. 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು.

ಈಗ ಕಾರ್ಡ್ ಇಟ್ಟುಕೊಂಡಿರುವ ನಮ್ಮ ಮೂವರು ನಾಲ್ವರು ಮಾಡುವುದು ಇಷ್ಟು. ಬಿಲ್ ತಾನಾಗಿ ಖಾತೆಯಿಂದ ಕಟ್ಟುವ ಆಟೋ ಪೇ ಹಾಕಿದ್ದೇವೆ, ಅದರಲ್ಲಿ "ಒಟ್ಟು ಬಾಕಿ" ಅಂತ ಆಯ್ಕೆ ಮಾಡಿದ್ದೇವೆ. ಹಾಕಿದ ಮೇಲೆ ಇನ್ನೊಮ್ಮೆ ತೆರೆದು ನೋಡಿ. ನಮ್ಮಲ್ಲೊಬ್ಬಳು ಆಟೋ ಪೇ ಇದೆ ಅಂತ ನಿಶ್ಚಿಂತೆಯಿಂದ ಇದ್ದಳು, ಅದು "ಕನಿಷ್ಠ ಬಾಕಿ"ಗೆ ಸೆಟ್ ಆಗಿತ್ತು. ಬಿಲ್ಲಿಂಗ್ ತಾರೀಕು ಬದಲಾಯಿಸಿಕೊಳ್ಳಲು ಅವಕಾಶ ಇದೆ. ಸ್ಟೈಪೆಂಡ್ ಬಂದು ನಾಲ್ಕೈದು ದಿನಕ್ಕೆ ಕೊನೆಯ ದಿನ ಬೀಳುವಂತೆ ಒಬ್ಬ ಮಾಡಿಕೊಂಡಿದ್ದಾನೆ. ಇನ್ನೊಬ್ಬ ಆಪ್‌ನಲ್ಲಿ ತಾನೇ ಲಿಮಿಟ್ ಇಳಿಸಿಕೊಂಡು 5,000ಕ್ಕೆ ಇಟ್ಟಿದ್ದಾನೆ, ಇದು ನಮಗೆ ತುಂಬಾ ಹಿಡಿಸಿತು. ಖಜಾಂಚಿ ಮಾತ್ರ ಹಳೇ ಕಾಲದವರ ಹಾಗೆ. ಕಾರ್ಡ್ ಉಜ್ಜಿದ ರಾತ್ರಿಯೇ ಅಷ್ಟು ದುಡ್ಡನ್ನು ಬೇರೆ ಖಾತೆಗೆ ಹಾಕಿಬಿಡುತ್ತಾನೆ. ಬಿಲ್ ಬಂದಾಗ ಅಲ್ಲಿಂದ ಕಟ್ಟುತ್ತಾನೆ. ಹಾಗಾದರೆ ಕಾರ್ಡ್ ಯಾಕೆ ಬೇಕು ಅಂತ ಕೇಳಿದರೆ ನಗುತ್ತಾನೆ. ಆದರೆ ಅವನ ಅಂಕ ಈಗ ನಮ್ಮೆಲ್ಲರಿಗಿಂತ ಜಾಸ್ತಿ ಇದೆ.

ಕೊನೆಗೆ ಸಂಘದ ಕಡೆಯಿಂದ ಒಂದು ಸೂಚನೆ. ಈ ವರ್ಷದ ರಾಜ್ಯೋತ್ಸವದ ಟೀ ಶರ್ಟಿಗೆ ಹೆಸರು ಕೊಡುವವರು ಸೆಪ್ಟೆಂಬರ್ 30ರೊಳಗೆ ದುಡ್ಡನ್ನೂ ಕೊಡಬೇಕು. ಸೈಜ್ ಬರೆಸಿ "ನಾಳೆ ಹಾಕ್ತೀನಿ" ಅಂದವರ ಹೆಸರು ಪಟ್ಟಿಗೆ ಸೇರುವುದಿಲ್ಲ. ಆರ್ಡರ್ ಅಕ್ಟೋಬರ್ 6ಕ್ಕೇ ಹೋಗುತ್ತದೆ, ಈ ಸಲ ಸಂಘದ ಖಾತೆಯಿಂದ. ಬೆಲೆ 300 ರೂಪಾಯಿ, ಮೇಲೆ ಏನೂ ಇಲ್ಲ.